ಸಹಾಯ ಬೇಕು: ನಮ್ಮ ಪಡಸಾಲೆಯ ಪರಸಿಯಲ್ಲಿ (ನೆಲಕ್ಕೆ ಹಾಸಿದ ಚಪ್ಪಡಿ ಕಲ್ಲಿನಲ್ಲಿ) ಹವಳ ಇರಲು ಸಾಧ್ಯವೇ?

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ತಾಪುರ ತಾಲೂಕು. ಏಳನೇ ತರಗತಿಯ ಮಗಳು ವಿಜ್ಞಾನ ಪ್ರದರ್ಶನಕ್ಕೆ ಹವಳದ ದಿಬ್ಬದ ಮಾದರಿ ಮಾಡುತ್ತಿದ್ದಾಳೆ. ಸಮುದ್ರ ನೋಡಿದವರು ಮನೆಯಲ್ಲಿ ಯಾರೂ ಇಲ್ಲ. ಕಾಗಿಣೆ ಹೊಳೆಯೇ ನಮಗೆ ದೊಡ್ಡ ನೀರು. ಆದರೂ ಹವಳವೆಂದರೆ ಗಿಡವಲ್ಲ, ಸಣ್ಣ ಸಣ್ಣ ಪ್ರಾಣಿಗಳ ದೊಡ್ಡ ಸಂಸಾರ, ಅವು ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ, ಮೈಯೊಳಗಿನ ಪಾಚಿ ಬಿಸಿಲಿನಲ್ಲಿ ಅವುಗಳಿಗೆ ಅಡುಗೆ ಮಾಡಿಕೊಡುತ್ತದೆ ಎಂಬಷ್ಟು ಓದಿಕೊಂಡೆವು. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆಯಂತೆ.

ತೊಡಕು ಆಮೇಲಿನದು. ಶಹಾಬಾದ್ ಪರಸಿಯೂ ಸುಣ್ಣದ ಕಲ್ಲೇ, ಹಿಂದೆ ಇಲ್ಲಿ ಸಮುದ್ರವಿತ್ತು ಎಂದು ಅವಳ ಮೇಷ್ಟ್ರು ಹೇಳಿದ್ದಾರೆ. "ಹಾಗಾದರೆ ಅಪ್ಪಾ, ನಾವು ಹವಳದ ಮೇಲೆ ಕುಳಿತು ರೊಟ್ಟಿ ತಿನ್ನುತ್ತೇವೆಯೇ?" ಎಂದು ಕೇಳಿದಳು. ಸುಣ್ಣದ ಕಲ್ಲು ಹೌದೋ ಅಲ್ಲವೋ ನೋಡಲು ಪರಸಿಯ ಮೇಲೆ ನಿಂಬೆರಸ ಹಿಂಡಿದೆವು, ಸಣ್ಣಗೆ ಗುಳ್ಳೆ ಎದ್ದವು. (ಕಲೆ ಉಳಿಯಿತು; ಅವಳ ಅವ್ವನಿಂದ ಬೈಗುಳ ಬೇರೆ.) ಒಡೆದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಪುಸ್ತಕದ ಹಾಳೆಗಳಂತೆ ಬೂದು ಪದರಗಳು, ಅಷ್ಟೇ. ಒಂದು ಚಿಪ್ಪೂ ಇಲ್ಲ. ಗಣಿಯಲ್ಲಿ ಕಲ್ಲು ಸೀಳುವ ಕಾಕಾ ಕೂಡ ಚಿಪ್ಪು ಕಂಡಿಲ್ಲ ಎಂದರು. ಭೀಮಾ ತೀರದ ಈ ಕಲ್ಲು ಭೂಮಿಯ ಮೇಲೆ ಹವಳ ಹುಟ್ಟುವುದಕ್ಕಿಂತಲೂ ಹಳೆಯದು ಎಂದು ಕೊನೆಗೆ ಒಂದು ಕಡೆ ಓದಿದೆ.

ನನಗೆ ತಿಳಿಯದಿರುವುದು ಇಷ್ಟು: ಹವಳ, ಚಿಪ್ಪು ಯಾವುದೂ ಇಲ್ಲದ ಸಮುದ್ರದಲ್ಲಿ ಇಷ್ಟೊಂದು ಸುಣ್ಣ ಕೂಡಿದ್ದು ಹೇಗೆ? ನೀರಿನಿಂದ ತಾನಾಗಿ ಇಳಿಯಿತೇ, ಕಣ್ಣಿಗೆ ಕಾಣದ ಜೀವಿಗಳ ಕೆಲಸವೇ? ಮಾದರಿಯಲ್ಲಿ ಹವಳದ ಬುಡಕ್ಕೆ ಪರಸಿ ಚೂರು ಇಟ್ಟರೆ ತಪ್ಪಾಗುತ್ತದೆಯೇ? ಬಲ್ಲವರು ದಯವಿಟ್ಟು ಶನಿವಾರದೊಳಗೆ ತಿಳಿಸಿ.