ಸಮಸ್ಯಾಪೂರಣ: ಮಣ್ಣ ಕೊಟ್ಟವರೆಲ್ಲ ಹೊನ್ನನು ಪಡೆದು ನಗುತಿಹರು

ಸಮಸ್ಯೆ

ಭಾಮಿನಿ ಷಟ್ಪದಿಯ (ಆರು ಸಾಲಿನ ಪದ್ಯದ) ಕೊನೆಯ ಸಾಲು ಕೊಟ್ಟಿದೆ. ಮೊದಲ ಐದನ್ನು ತುಂಬಿ. ವಸ್ತು: ಎರಡನೇ ಮಹಾಯುದ್ಧ ಕಾಲದ ಆಸ್ಕರ್ ಚಿತ್ರಪ್ರಶಸ್ತಿ. 1, 2, 4, 5ನೇ ಸಾಲಿಗೆ 3+4+3+4 ಮಾತ್ರೆ (ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ; ದೀರ್ಘ ಅಥವಾ ಒತ್ತಕ್ಷರದ ಹಿಂದಿನದು ಗುರು, ಎರಡು). ಮೂರನೆಯದಕ್ಕೂ ಆರನೆಯದಕ್ಕೂ 3+4+3+4+3+4, ಮೇಲೊಂದು ಗುರು. ಆರೂ ಸಾಲಿನ ಎರಡನೇ ಅಕ್ಷರ ‘ಣ್ಣ’ ಒತ್ತೇ ಆಗಬೇಕು. ಒಂಟಿ ‘ಣ’ ನಡೆಯದು.

ಹಿನ್ನೆಲೆ: ಹದಿಮೂರೂವರೆ ಇಂಚಿನ ಆಸ್ಕರ್ ಬೊಂಬೆಯ ಒಡಲು ಆಗ ಬ್ರಿಟಾನಿಯಾ ಲೋಹ, ಅಂದರೆ ಬಹುಪಾಲು ತವರ (ನಮ್ಮ ಕಲಾಯಿಯದೇ ತವರ), ಮೇಲೆ ಚಿನ್ನದ ಲೇಪ. 1942ರ ಫೆಬ್ರವರಿ ಹೊತ್ತಿಗೆ ಮಲಯ, ಸಿಂಗಾಪುರ ಎರಡೂ ಜಪಾನಿನ ಕೈಸೇರಿ ತವರದ ದಾರಿ ಕಟ್ಟಿತು. ಸಿಕ್ಕ ಲೋಹವೆಲ್ಲ ಯುದ್ಧಕ್ಕೆ. ಹೀಗಾಗಿ ಮೂರು ವರ್ಷ ಬಣ್ಣ ಬಳಿದ ಪ್ಲಾಸ್ಟರ್ ಬೊಂಬೆ. ಯುದ್ಧ ಮುಗಿದ ಮೇಲೆ ಅದನ್ನು ತಂದುಕೊಟ್ಟವರಿಗೆ ಲೋಹದ್ದು.

ಪೂರಣ 1

ಸುಣ್ಣದೆರಕದ ಬೊಂಬೆ ಮೇಗಡೆ
ಬಣ್ಣ ಬಳಿದರು ತವರ ಸಿಗದಿರೆ
ಉಣ್ಣುವೂಟದ ಮನೆಯೊಳಿತ್ತರು ಮೂರು ವರುಷಗಳು
ತಣ್ಣಗಾಗಲು ಸಮರ, ಕರೆದರು
ಬಣ್ಣದವರನು ಬದಲಿ ನೀಡಲು
ಮಣ್ಣ ಕೊಟ್ಟವರೆಲ್ಲ ಹೊನ್ನನು ಪಡೆದು ನಗುತಿಹರು

— ಛಂದಸ್ಸು ಸರಿ, ಚರಿತ್ರೆ ತಪ್ಪಿದೆ. ಊಟದ ಮನೆ 1943ರ ಮಾರ್ಚ್ 4ರದು ಮಾತ್ರ: ಲಾಸ್ ಏಂಜಲೀಸಿನ ಅಂಬಾಸಡರ್ ಹೋಟೆಲಿನ ಕೋಕೊನಟ್ ಗ್ರೋವ್. ನಟರಾದ ಟೈರೋನ್ ಪವರ್, ಅಲನ್ ಲ್ಯಾಡ್ ಇಬ್ಬರೂ ಸಮವಸ್ತ್ರದಲ್ಲಿ ಬಂದು, ಸೇನೆ ಸೇರಿದ 27,677 ಚಿತ್ರರಂಗದವರ ಹೆಸರಿನ ಬಾವುಟ ಬಿಚ್ಚಿದ್ದು ಅಲ್ಲೇ. 1944ರಲ್ಲಿ ಔತಣ ಕೈಬಿಟ್ಟು ಗ್ರಾಮನ್ಸ್ ಚೈನೀಸ್ ಥಿಯೇಟರಿಗೆ ಹೋದರು, ಸೈನಿಕರಿಗೆ ಪಾಸು ಕೊಟ್ಟು. ಮೂರನೇ ಸಾಲು ‘ಕಣ್ಣಿಗೊಪ್ಪುವ ತೆರದಲಿತ್ತರು ಮೂರು ವರುಷಗಳು’ ಎಂದಾಗಲಿ, ಮಾತ್ರೆ ಕೆಡುವುದಿಲ್ಲ.

— ಪ್ಲಾಸ್ಟರ್ ಸುಣ್ಣವಲ್ಲ, ಜಿಪ್ಸಮ್. ಪ್ರಾಸಕ್ಕಾಗಿ ಬಿಡೋಣ, ಸಮಸ್ಯೆಯ ‘ಹೊನ್ನು’ ಕೂಡ ಬರೀ ಹೊರಮೈಯದು ತಾನೆ!

— ‘ಅಕಾಡೆಮಿ’ (ಆಸ್ಕರ್ ಕೊಡುವ ಸಂಸ್ಥೆ) ತರಲು ಹೋಗಿ ಎಡವಿದವರಿಗೆ: ‘ಅಕಾ’ ಲಘು-ಗುರು. ಗಣ (3 ಇಲ್ಲವೆ 4 ಮಾತ್ರೆಯ ಗುಂಪು) ಅಲ್ಲಿಂದ ಶುರುವಾದರೆ ಓಟ ಮುಗ್ಗರಿಸುತ್ತದೆ. ಹಿಂದೊಂದು ಗುರು ಇಟ್ಟು ಒಡೆಯಿರಿ: ‘ಆ ಅ | ಕಾಡೆಮಿ’, 3+4. ‘ಆಸ್ಕರ್’ ನಾಲ್ಕು ಮಾತ್ರೆ, ಮೂರರ ಗಣಕ್ಕೆ ತುರುಕಬೇಡಿ.

ಪೂರಣ 2

ಸಣ್ಣ ಚೆಂಡಿನ ಕೋಲ ಬೀಸಲು
ಬಣ್ಣದೊಡಲಿನ ತಲೆಯು ಹಾರಿತು
ಕಣ್ಣು ಬಿಟ್ಟನು ಫಿಟ್ಸ್‌ಜೆರಾಲ್ಡನು ಮನೆಯ ನಡುವಿನಲಿ
‘ಅಣ್ಣ, ಬೇಸರವೇಕೆ? ಹೊಸತಿದೆ
ಬಣ್ಣಗೆಡದದು, ಯುದ್ಧ ಮುಗಿಯಲಿ
ಮಣ್ಣ ಕೊಟ್ಟವರೆಲ್ಲ ಹೊನ್ನನು ಪಡೆದು ನಗುತಿಹರು’

— ಭೇಷ್! ‘ಫಿಟ್ಸ್‌ಜೆ | ರಾಲ್ಡನು’ 3+4ಕ್ಕೆ ಅಳೆದು ಹೊಲಿದಂತಿದೆ. ಬ್ಯಾರಿ ಫಿಟ್ಸ್‌ಜೆರಾಲ್ಡ್ ಗಾಲ್ಫ್ ಕೋಲು ಬೀಸಿ ತನ್ನ ಬೊಂಬೆಯ ತಲೆ ಹಾರಿಸಿದ ಪ್ರಸಂಗವೇ ಇದು. ಪ್ಲಾಸ್ಟರ್ ಭಾರ ಹೊರುತ್ತದೆ, ಬಾಗುವುದಿಲ್ಲ. ಅಡ್ಡ ಪೆಟ್ಟು ಬಿದ್ದರೆ ತೆಳ್ಳಗಿರುವ ಕತ್ತಿನಲ್ಲೇ ಮುರಿಯುತ್ತದೆ. ಆತ ಗೆದ್ದದ್ದು 1945ರಲ್ಲಿ, ಪೋಷಕ ನಟನಾಗಿ. 1943ರವರೆಗೆ ಪೋಷಕ ನಟರಿಗೆ ಸಿಗುತ್ತಿದ್ದದ್ದು ಫಲಕ. ಪೂರ್ಣ ಬೊಂಬೆ 1944ರಿಂದ. ಎರಡು ವರ್ಷ ಮೊದಲೇ ಗೆದ್ದಿದ್ದರೆ ಹಾರಲು ತಲೆಯೇ ಇರುತ್ತಿರಲಿಲ್ಲ.

— ಕಾಲದೋಷ ಒಂದಿದೆ. ‘ಮುಗಿಯಲಿ’ ಎಂದರೆ ಯುದ್ಧ ಇನ್ನೂ ನಡೆದಿದೆ. ‘ನಗುತಿಹರು’ ಈಗಿನ ಮಾತು. ಯುದ್ಧ ಮುಗಿಯದೆ ಹೊನ್ನೆಲ್ಲಿಂದ ಬಂತು? ‘ಮುಗಿಯಲಿ’ ಬದಲು ‘ಮುಗಿದಿದೆ’ ಅನ್ನಿ, ಅದೂ ನಾಲ್ಕೇ ಮಾತ್ರೆ.

— ಒಪ್ಪಿದೆ, ತಿದ್ದಿದೆ. ‘ಣ್ಣ’ ಪ್ರಾಸಕ್ಕೆ ಹೆಣ್ಣು, ಹುಣ್ಣಿಮೆ, ಬೆಣ್ಣೆ ಯಾರೂ ಮುಟ್ಟಿಲ್ಲ. ‘ಹೆಣ್ಣು ಗಾರ್ಸನ್ ಮಾತನಾಡಲು’ ಸರಿಯಾಗಿ 14 ಮಾತ್ರೆ; ನಟಿ ಗ್ರಿಯರ್ ಗಾರ್ಸನ್ನಳ 1943ರ ಆಸ್ಕರಿನ ಆ ಉದ್ದದ ಭಾಷಣವನ್ನು ಉಳಿದ ನಾಲ್ಕು ಸಾಲಿಗೆ ಇಳಿಸುವವರು ಮುಂದೆ ಬನ್ನಿ.