ಸಹಾಯ ಬೇಕು: ಮಾತ್ರೆ ತಗೊಂಡರೆ ತೂಕಡಿಕೆ, ಬಿಟ್ಟರೆ ಸೀನು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಪುವಿನಲ್ಲಿ. ಮಳೆ ಹಿಡಿದ ಮೇಲೆ ಗೋಡೆ, ಕಪಾಟು, ಚಪ್ಪಲಿ ಎಲ್ಲದಕ್ಕೂ ಬೂಷ್ಟು. ಬೆಳಿಗ್ಗೆ ಎದ್ದ ಕೂಡಲೇ ನನಗೆ ಸಾಲು ಸೀನು, ಮೂಗಲ್ಲಿ ನೀರು, ಕಣ್ಣು ತುರಿಕೆ. ಜ್ವರ ಇಲ್ಲ, ಉಬ್ಬಸವೂ ಇಲ್ಲ.

ಮೆಡಿಕಲ್‌ನಲ್ಲಿ ಕೇಳಿ ಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ ತಂದೆ. 10 ಮಿಲಿಗ್ರಾಂನದ್ದು, ರಾತ್ರಿ ಒಂದು. ಸೀನು, ತುರಿಕೆ ನಿಜಕ್ಕೂ ಕಡಿಮೆಯಾಗಿದೆ. ಆದರೆ ಕಟ್ಟಿದ ಮೂಗು ಬಿಡುವುದಿಲ್ಲ, ಬೆಳಿಗ್ಗೆ ತಲೆ ಭಾರ. ನಾನು ದಿನಾ ಸ್ಕೂಟರಿನಲ್ಲಿ ಸುರತ್ಕಲ್‌ಗೆ ಕೆಲಸಕ್ಕೆ ಹೋಗುವವಳು. ಮೊನ್ನೆ ಪಡುಬಿದ್ರಿ ದಾಟುವಾಗ ಕಣ್ಣು ಎಳೆಯಿತು. ಗಾಡಿ ಬದಿಗೆ ನಿಲ್ಲಿಸಿ ಮುಖ ತೊಳೆದುಕೊಂಡೆ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೀಗಾದರೆ ಏನು ಗತಿ? ಆವತ್ತಿನಿಂದ ಭಯ ಬಿಟ್ಟಿಲ್ಲ.

ಫೆಕ್ಸೊಫೆನಡಿನ್ ಎಂಬ ಇನ್ನೊಂದು ಅಲರ್ಜಿ ಮಾತ್ರೆ ಅಷ್ಟು ನಿದ್ದೆ ತರುವುದಿಲ್ಲವಂತೆ. ನೀರಿನಲ್ಲೇ ನುಂಗಬೇಕು, ಜ್ಯೂಸ್ ಜೊತೆ ತಗೊಂಡರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ ಎಂದು ಫಾರ್ಮಸಿ ಓದಿದ ಅಕ್ಕನ ಮಗಳು ಹೇಳಿದಳು. ಸೆಟಿರಿಜಿನ್ ಬಿಟ್ಟು ಇದಕ್ಕೆ ಬದಲಾಯಿಸಿದವರು ಇದ್ದೀರಾ? ಕಟ್ಟಿದ ಮೂಗಿಗೆ ಡಾಕ್ಟರು ಸ್ಪ್ರೇ ಬರೆದುಕೊಟ್ಟಿದ್ದರೆ, ಗುಣ ಕಾಣಲು ಎಷ್ಟು ದಿನ ಬೇಕಾಯಿತು?

ಇನ್ನೊಂದು ವಿಷಯ. ಅಪ್ಪನಿಗೂ ಶೀತ, ನನ್ನ ಮಾತ್ರೆಯನ್ನೇ ಕೇಳುತ್ತಾರೆ. ಅವರಿಗೆ ಪ್ರಾಸ್ಟೇಟ್ ತೊಂದರೆ ಇದೆ. ಕೆಲವು ಶೀತದ ಮಾತ್ರೆಯಿಂದ ಮೂತ್ರ ಕಟ್ಟಬಹುದು, ಅಲ್ವಾ? ಅದಕ್ಕೇ ಡಾಕ್ಟರನ್ನು ಕೇಳದೆ ಕೊಡುವುದಿಲ್ಲ ಎಂದಿದ್ದೇನೆ.

ಉಡುಪಿ, ಮಣಿಪಾಲ, ಮಂಗಳೂರು ಕಡೆ ಸಮಾಧಾನದಿಂದ ನೋಡುವ ಮೂಗು-ಗಂಟಲಿನ ಡಾಕ್ಟರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಶನಿವಾರ ರಜೆ ಹಾಕಿದ್ದೇನೆ.