ಹೊಸೂರಿನ ಚಳಿ, ಮುಚ್ಚಿದ ಕಿಟಕಿ, ಬೀರು ಹಿಂದೆ ಮುಗ್ಗಲು ವಾಸನೆ: ಏನು ಮಾಡಲಿ?

ಬಾಗಲೂರು ರಸ್ತೆಯವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೊಸೂರಿನಲ್ಲಿ ಬಾಗಲೂರು ರಸ್ತೆ ಹತ್ತಿರ ಎರಡನೇ ಮಹಡಿಯ ಫ್ಲಾಟ್ ನಮ್ಮದು. ಎರಡು ಬೆಡ್‌ರೂಮ್. ನಾನು, ನಮ್ಮ ಯಜಮಾನರು, ಅತ್ತೆ, ಎರಡನೇ ಕ್ಲಾಸಿನ ಮಗ ಇದ್ದೇವೆ. ಜೂನಿನಲ್ಲಿ ಬಂದೆವು. ಮಳೆಗಾಲ ಆರಾಮಾಗಿ ಕಳೆಯಿತು. ದೀಪಾವಳಿ ಮುಗಿದು ಚಳಿ ಹಿಡಿದ ಮೇಲೆ ಮನೆಗೆ ಒಂದು ವಾಸನೆ ಅಂಟಿಕೊಂಡಿದೆ. ಒಳಗೇ ಇದ್ದರೆ ಗೊತ್ತಾಗುವುದಿಲ್ಲ. ಹೂವಿನ ಮಾರ್ಕೆಟ್‌ಗೆ ಹೋಗಿ ಬಂದು ಬಾಗಿಲು ತೆಗೆದರೆ ಮೂಗಿಗೆ ಬಡಿಯುತ್ತದೆ. ಅವರೆಕಾಯಿ ಸಿಪ್ಪೆಯನ್ನು ಒದ್ದೆ ಗೋಣಿಚೀಲದಲ್ಲಿ ಕಟ್ಟಿ ಎರಡು ದಿನ ಮರೆತ ಹಾಗೆ.

ಸಂಜೆ ಐದಕ್ಕೆ ಸೊಳ್ಳೆ ಬರುತ್ತದೆ ಅಂತ ಎಲ್ಲಾ ಕಿಟಕಿ ಹಾಕುತ್ತೇವೆ. ಬೆಳಗ್ಗೆ ಚಳಿ ಅಂತ ತೆಗೆಯುವುದಿಲ್ಲ. ಬಾಲ್ಕನಿ ಬಾಗಿಲು ಮಾತ್ರ ಒಂಬತ್ತಕ್ಕೆ ಸ್ವಲ್ಪ ತೆಗೆಯುತ್ತೇವೆ. ಅತ್ತೆಗೆ ಗಾಳಿ ಅಂದರೆ ಆಗುವುದೇ ಇಲ್ಲ, "ಥಂಡಿ ಹೊಡೆಯುತ್ತೆ ಮುಚ್ಚೇ" ಅಂತಾರೆ. ಅವರು ಬೆಳೆದಿದ್ದು ಡೆಂಕಣಿಕೋಟೆ ಕಡೆ ಹಳ್ಳಿಯಲ್ಲಿ, ಹೆಂಚಿನ ಮನೆ. ಅಲ್ಲಿ ಕಿಟಕಿ ಮುಚ್ಚಿದರೂ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಇಲ್ಲಿ ಮೇಲೆ ಇರುವುದು ಮೂರನೇ ಮಹಡಿಯವರ ಟೈಲ್ಸ್.

ನಮ್ಮ ಬಾಲ್ಕನಿಗೆ ಬಿಸಿಲು ಬರುವುದಿಲ್ಲ, ಹಾಗಾಗಿ ಬಟ್ಟೆ ಹಾಲಿನಲ್ಲೇ ಸ್ಟ್ಯಾಂಡ್ ಮೇಲೆ ಒಣಗುತ್ತದೆ. ರಾತ್ರಿ ಸೊಳ್ಳೆ ಬತ್ತಿ. ಶುಕ್ರವಾರ ಸಾಂಬ್ರಾಣಿ. ಈಗ ಅವರೆ ಕಾಲ ಬೇರೆ, ದಿನಾ ಒಂದು ಗಂಟೆ ಏನಾದರೂ ಬೇಯುತ್ತಲೇ ಇರುತ್ತದೆ. ಅಂಗಡಿಯಿಂದ ಮಲ್ಲಿಗೆ ವಾಸನೆಯ ಸ್ಪ್ರೇ ತಂದೆ. ಮಗ ಒಂದೇ ಸಮ ಸೀನಿದ, ಅದನ್ನು ಮೂಲೆಗೆ ಇಟ್ಟಿದ್ದೇನೆ.

ಮೊನ್ನೆ ಮಗನ ರೂಮಿನ ಬೀರು ಎಳೆದು ನೋಡಿದೆ. ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಬೀರು ಒಳಗೆ ಇವರ ಚರ್ಮದ ಬೆಲ್ಟಿಗೆ ಬಿಳೀ ಬೂಷ್ಟು.

ಏರ್ ಪ್ಯೂರಿಫೈಯರ್ ತಗೊಂಡರೆ ಸರಿ ಹೋಗುತ್ತಾ? ಇವರು ಹತ್ತು ಸಾವಿರದವರೆಗೆ ಹಾಕಲು ತಯಾರಿದ್ದಾರೆ. ಗಿಡ ಇಟ್ಟರೆ ಸಾಕು ಅಂತ ಆಫೀಸಿನಲ್ಲಿ ಯಾರೋ ಹೇಳಿದರಂತೆ. ಅತ್ತೆ ಬೆಳಗ್ಗೆ ಸ್ನಾನ ಮಾಡಿ ಬಂದರೆ ಸ್ವಲ್ಪ ಹೊತ್ತು ತಲೆಸುತ್ತು, ತಲೆನೋವು ಅಂತ ಮಲಗುತ್ತಾರೆ. ಅದು ಪಿತ್ತ ಇರಬೇಕು. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ, ಬಿಸಿನೀರಿಗೇನೂ ಕಮ್ಮಿ ಇಲ್ಲ. ಚಳಿಗಾಳಿ ಬರದಿರಲಿ ಅಂತ ಮೇಲಿನ ಗವಾಕ್ಷಿಗೂ ರಟ್ಟು ಹಾಕಿದ್ದೇವೆ. ಇಷ್ಟಾದರೂ ಯಾಕೆ ಹೀಗೆ?

ಮತ್ತಿಗಿರಿ ಮೇಷ್ಟ್ರು:

ನೋಡಮ್ಮ, ನಿಮ್ಮ ಮನೆಗೆ ಬಂದಿರುವುದು ವಾಸನೆ ಅಲ್ಲ, ನೀರು. ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು, ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ.

ಒಂದು ಕೆಜಿ ಅಡುಗೆ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕೆಜಿ ನೀರು ಹುಟ್ಟುತ್ತದೆ. ಗ್ಯಾಸಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವ ನೀರು ಅದು. ಅಂದರೆ 14.2 ಕೆಜಿಯ ಒಂದು ಸಿಲಿಂಡರ್ ಮುಗಿಯುವ ಹೊತ್ತಿಗೆ 20 ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ನಿಮ್ಮ ಅಡುಗೆಮನೆಗೆ ಬಂದಿರುತ್ತದೆ. ಕುಡಿಯಲು ತರಿಸುತ್ತೀರಲ್ಲ ಕ್ಯಾನ್, ಅದಕ್ಕಿಂತ ಜಾಸ್ತಿ! ಅವರೆಕಾಳು ಬೇಯುವ ಹಬೆ ಬೇರೆ ಲೆಕ್ಕ.

ಇನ್ನು ಬಟ್ಟೆ. ನನಗೆ ತಲೆಹರಟೆ ಜಾಸ್ತಿ. ಹೋದ ಡಿಸೆಂಬರಿನಲ್ಲಿ ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ಒಂದು ಬಕೆಟ್ ಬಟ್ಟೆಯನ್ನು ಹಿಂಡಿದ ಮೇಲೊಂದು ಸಲ, ಒಣಗಿದ ಮೇಲೊಂದು ಸಲ ತೂಗಿದೆ. 6 ಕೆಜಿ 100 ಗ್ರಾಂ ಇದ್ದದ್ದು 4 ಕೆಜಿ 300 ಗ್ರಾಂ ಆಯಿತು. ನಮ್ಮನೆಯವಳು "ನಿಮಗೆ ಬೇರೆ ಕೆಲಸ ಇಲ್ವಾ" ಅಂದಳು. ಇರಲಿ. ಆ ಹತ್ತಿರ ಹತ್ತಿರ ಎರಡು ಲೀಟರ್ ಹೋಗಿದ್ದೆಲ್ಲಿಗೆ? ಹಾಲಿನ ಗಾಳಿಗೆ. ಕಿಟಕಿ ಮುಚ್ಚಿದ್ದರೆ ಅದು ಮನೆಯಲ್ಲಿ ಅತಿ ತಣ್ಣಗಿರುವ ಜಾಗ ಹುಡುಕಿಕೊಂಡು ಹೋಗಿ ಕೂರುತ್ತದೆ. ಆ ಜಾಗ ಯಾವುದು? ಬಿಸಿಲು ಬೀಳದ ಹೊರಗೋಡೆ, ಅದರಲ್ಲೂ ಗಾಳಿ ಆಡದ ಬೀರು ಹಿಂದೆ. ನಿಮ್ಮ ಬೀರು ಉತ್ತರದ ಗೋಡೆಗೆ ಒತ್ತಿಕೊಂಡಿದೆ ಅಂತ ಕಾಣುತ್ತೆ, ಅಲ್ವಾ?

ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಸಾಧ್ಯವಾದರೆ ಒಳಗೋಡೆಗೆ ಬದಲಾಯಿಸಿ. ಚುಕ್ಕೆಗಳನ್ನು ಸೋಪಿನ ನೀರಿನಲ್ಲಿ ಉಜ್ಜಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಮೇಲೆ ಪೇಂಟ್ ಹೊಡೆದು ಮುಚ್ಚಬೇಡಿ, ಮತ್ತೆ ಬರುತ್ತದೆ. ಬ್ಲೀಚ್ ಹಾಕುವುದಾದರೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಬರುತ್ತದೆ.

ಕಿಟಕಿ ತೆಗೆಯಲು ಒಳ್ಳೆ ಹೊತ್ತು ಹನ್ನೊಂದರಿಂದ ಮೂರು. ಒಂದೇ ಕಿಟಕಿ ತೆಗೆದರೆ ಗಾಳಿ ಬಾಗಿಲಲ್ಲೇ ನಿಂತು ಯೋಚನೆ ಮಾಡುತ್ತದೆ. ಎದುರುಬದುರು ಎರಡು ತೆಗೆಯಿರಿ. ಹದಿನೈದು ನಿಮಿಷ ಸಾಕು.

ಪ್ಯೂರಿಫೈಯರ್ ಧೂಳು, ಹೊಗೆ ಹಿಡಿಯುತ್ತದೆ. ತೇವ ಹಿಡಿಯುವುದಿಲ್ಲ. ಗಿಡದ ಕಥೆ ಶುರುವಾಗಿದ್ದು 1989ರ ನಾಸಾ ಪ್ರಯೋಗದಿಂದ. ಅದನ್ನು ಮಾಡಿದ್ದು ಗಾಳಿಯಾಡದ ಸಣ್ಣ ಡಬ್ಬಿಯಂಥ ಕೋಣೆಯಲ್ಲಿ. ನಿಮ್ಮ ಹಾಲಿಗೆ ಆ ಲೆಕ್ಕ ಹಿಡಿದರೆ ಮನುಷ್ಯರು ಕೂರಲು ಜಾಗ ಇರುವುದಿಲ್ಲ. ಚೆಂದಕ್ಕೆ ಇಡಿ, ತಪ್ಪಿಲ್ಲ.

ಸೊಲ್ಲಾಪುರದಾಕಿ:

ಮೇಷ್ಟ್ರು ಹೇಳಿದ್ದು ಖರೆ. ಆದ್ರ ಒಂದು ಮಾತು ರೀ. ನಮ್ಮ ಕಡೆ ಚಳಿಗಾಲ ಅಂದರೆ ಒಣ ಗಾಳಿ, ಧೂಳು. ತುಟಿ ಒಡೆಯುತ್ತವೆ, ಬೂಷ್ಟು ಎಲ್ಲಿಂದ ಬರಬೇಕು? ಅಂಥಾ ನಮ್ಮ ಫ್ಲಾಟಿನಲ್ಲೂ ವಾಸನೆ ಬರುತ್ತಿತ್ತು. ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ನೋಡಿದರೆ ಯಾರೂ ಬಳಸದ ಎರಡನೇ ಬಾತ್‌ರೂಮು! ನೆಲದ ಜಾಲರಿ ಕೆಳಗಿನ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ನಿಂತಿರಬೇಕು. ಆ ನೀರೇ ಗಟಾರದ ವಾಸನೆ ತಡೆಯುವುದು. ಬಳಸದಿದ್ದರೆ ಅದು ಒಣಗಿ ಹೋಗುತ್ತದೆ. ಮ್ಯಾಲೆ ನಾನು ಎಲ್ಲಾ ಮುಚ್ಚಿ ಅಡುಗೆಮನೆ ಎಕ್ಸಾಸ್ಟ್ ಹಾಕುತ್ತಿದ್ದೆ. ಅದಕ್ಕೆ ಎಲ್ಲಿಂದಾದರೂ ಗಾಳಿ ಬೇಕಲ್ಲ, ಗಟಾರದಿಂದಲೇ ಎಳೆಯುತ್ತಿತ್ತು. ಈಗ ವಾರಕ್ಕೆ ಎರಡು ಸಲ ಒಂದು ಚೊಂಬು ನೀರು ಸುರಿಯುತ್ತೇನೆ. ಎಕ್ಸಾಸ್ಟ್ ಹಾಕುವಾಗ ದೂರದ ಒಂದು ಕಿಟಕಿ ಅರ್ಧ ತೆಗೆದಿಡುತ್ತೇನೆ.

ಸೊಳ್ಳೆ ಬತ್ತಿ ಬಿಡ್ರಿ ಅಕ್ಕಾ. ಒಂದು ಬತ್ತಿ ಉರಿದರೆ ಬರುವ ಸಣ್ಣ ಹೊಗೆಕಣ 75ರಿಂದ 137 ಸಿಗರೇಟಿಗೆ ಸಮ ಅಂತ 2003ರಲ್ಲೇ ಅಳೆದು ತೋರಿಸಿದ್ದಾರೆ. ಮುಚ್ಚಿದ ರೂಮು, ಸಣ್ಣ ಹುಡುಗ. ಪರದೆ ಕಟ್ಟಿರಿ.

ನೀಲಿ ಉರಿ:

ಮೇಡಂ, ಬೂಷ್ಟು, ಬತ್ತಿ, ಗಿಡ ಎಲ್ಲಾ ಆಮೇಲೆ. ಮೊದಲು ಬಚ್ಚಲಿನ ರಟ್ಟು ತೆಗೆಯಿರಿ. ಇದನ್ನು ಓದಿದ ತಕ್ಷಣ ಎದ್ದು ಹೋಗಿ ತೆಗೆಯಿರಿ.

ನಾನು ಕೃಷ್ಣಗಿರಿ, ಹೊಸೂರು ಸುತ್ತ ಹನ್ನೆರಡು ವರ್ಷದಿಂದ ಗೀಸರ್ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಕೊನೆಗೆ ಸುಮ್ನೆ ಬರೆದ ಎರಡು ಸಾಲೇ ದೊಡ್ಡ ವಿಷಯ. ಸ್ನಾನ ಆದ ಮೇಲೆ ತಲೆಸುತ್ತು, ತಲೆನೋವು. ಬಚ್ಚಲ ಒಳಗೇ ಗ್ಯಾಸ್ ಗೀಸರ್. ಗಾಳಿ ಬರುವ ದಾರಿಗೆ ರಟ್ಟು. ಅದು ಪಿತ್ತ ಅಂತ ಸುಮ್ಮನಿರಬೇಡಿ.

ಗೀಸರ್ ಉರಿಯಲು ಗಾಳಿ ಬೇಕು. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಐದಾರು ನಿಮಿಷಕ್ಕೆ ಗಾಳಿ ಕೆಡುತ್ತದೆ, ಗ್ಯಾಸ್ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಲೀಕ್ ಆದರೆ ಮೂಗಿಗೆ ಗೊತ್ತಾಗುತ್ತೆ, ಇದು ಗೊತ್ತಾಗುವುದಿಲ್ಲ. ರಕ್ತ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟು ಜಾಸ್ತಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ. ಆಮೇಲೆ ಕಾಲಲ್ಲಿ ಶಕ್ತಿ ಹೋಗುತ್ತದೆ. ಕೂಗಬೇಕು ಅಂತ ಅನಿಸುವಷ್ಟರಲ್ಲಿ ಏಳಲು ಆಗುವುದಿಲ್ಲ. ಚಿಲಕ ಬೇರೆ ಹಾಕಿರುತ್ತಾರೆ.

ಯಾರಿಗಾದರೂ ಹಾಗಾದರೆ ಮುಖಕ್ಕೆ ನೀರು ಚಿಮುಕಿಸುತ್ತಾ ಬಚ್ಚಲಲ್ಲೇ ಕೂರಿಸಬೇಡಿ. ಹೊರಗಿನ ಗಾಳಿಗೆ ಎತ್ತಿಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ.

ಗೀಸರನ್ನು ಬಾಲ್ಕನಿಗೋ ಯುಟಿಲಿಟಿಗೋ ಹಾಕಿಸಿ, ಬಚ್ಚಲಿಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆಫ್ ಮಾಡಿ, ಬಾಗಿಲು ಸ್ವಲ್ಪ ಹೊತ್ತು ತೆಗೆದಿಟ್ಟು, ಆಮೇಲೆ ಸ್ನಾನಕ್ಕೆ ಹೋಗಲಿ. ಉರಿ ನೀಲಿ ಇದೆಯಾ ನೋಡಿ. ಹಳದಿ ಇದ್ದರೆ, ಮೇಲೆ ಮಸಿ ಕಟ್ಟಿದ್ದರೆ, ಹಚ್ಚಲೇ ಬೇಡಿ. ಅಮ್ಮನನ್ನು ಒಂದು ಸಲ ಡಾಕ್ಟರಿಗೆ ತೋರಿಸಿ, ಗೀಸರ್ ವಿಷಯ ಮರೆಯದೆ ಹೇಳಿ.

ಬಾಗಲೂರು ರಸ್ತೆಯವಳು:

ಓದಿ ಕೈಕಾಲು ತಣ್ಣಗಾಯಿತು. ರಟ್ಟು ಕಿತ್ತು ಬಂದೆ. ಉರಿ ತುದಿಯಲ್ಲಿ ಹಳದಿ ಇದೆ ಅಣ್ಣ. ಅತ್ತೆಗೆ ಒಲೆಯ ಮೇಲೆ ನೀರು ಕಾಯಿಸಿ ಕೊಡುತ್ತೇನೆ. ಸಂಜೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಗೀಸರ್ ಕೂರಿಸಿದವರು ಒಂದು ಮಾತೂ ಹೇಳಿರಲಿಲ್ಲ. "ಇಲ್ಲೇ ಹತ್ತಿರ, ಪೈಪ್ ಖರ್ಚು ಉಳಿಯುತ್ತೆ" ಅಂದಿದ್ದರು ಅಷ್ಟೆ.

ಕುಂಬಳೆ ಕಡಲಕರೆ:

ಹೊಸೂರಿನವರಿಗೆ ಬೂಷ್ಟು ಹೊಸತು ಅಂತ ಕಾಣ್ತದೆ. ಕಾಸರಗೋಡಿಗೆ ಬನ್ನಿ ಮಾರಾಯ್ರೆ, ಜೂನಿನಿಂದ ನಾಲ್ಕು ತಿಂಗಳು ಚಪ್ಪಲಿಗೂ ಬೂಷ್ಟು, ಚಾಪೆಗೂ ಬೂಷ್ಟು. ನಮಗೆ ಚಳಿಗಾಲ ಅಂದರೆ ಬಟ್ಟೆ, ಹಾಸಿಗೆ ಬಿಸಿಲಿಗೆ ಹಾಕುವ ಕಾಲ.

ಒಂದು ಉಪಾಯ ಹೇಳುತ್ತೇನೆ. ಬೀರು ಒಳಗೆ ಬಟ್ಟೆ ಕುತ್ತಿಗೆವರೆಗೆ ತುಂಬಿಸಬೇಡಿ, ಮಧ್ಯೆ ಕೈ ಆಡುವಷ್ಟು ಸಂದು ಇರಲಿ. ಮಧ್ಯಾಹ್ನ ಬಾಗಿಲು ತೆಗೆದು ಫ್ಯಾನಿನ ಗಾಳಿ ನೇರ ಒಳಗೆ ಹೋಗುವ ಹಾಗೆ ಅರ್ಧ ಗಂಟೆ ಬಿಡಿ. ಇಸ್ತ್ರಿ ಮಾಡಿದ ಬಟ್ಟೆ ಬಿಸಿ ಇರುವಾಗಲೇ ಮಡಚಿ ಒಳಗಿಡಬೇಡಿ. ನುಸಿಗುಳಿಗೆ ಹಾಕಿದರೆ ಎರಡು ವಾಸನೆ ಆಗ್ತದೆ ಅಷ್ಟೆ. ಮತ್ತೆ ಕಿಟಕಿಯ ಸೊಳ್ಳೆ ಜಾಲರಿ ಕೊನೆಗೆ ತೊಳೆದದ್ದು ಯಾವಾಗ? ನಮ್ಮದನ್ನು ತೆಗೆದು ಬೆಳಕಿಗೆ ಹಿಡಿದಾಗ ಅರ್ಧಕ್ಕರ್ಧ ತೂತು ಧೂಳಿನಲ್ಲಿ ಮುಚ್ಚಿತ್ತು.

ಬಾಗಲೂರು ರಸ್ತೆಯವಳು, ಮೂರು ವಾರ ಬಿಟ್ಟು:

ಹೇಗಾಯಿತು ಅಂತ ಹೇಳದೆ ಹೋದರೆ ಸರಿಯಲ್ಲ ಅಂತ ಬಂದೆ.

ಗೀಸರ್ ಈಗ ಯುಟಿಲಿಟಿಯ ಹೊರಗೋಡೆಯಲ್ಲಿದೆ. ಬರ್ನರ್ ಬಿಚ್ಚಿದಾಗ ಒಂದು ಚಮಚ ಮಸಿ ಬಿತ್ತು. ಅತ್ತೆಗೆ ರಟ್ಟು ತೆಗೆದ ಮಾರನೇ ದಿನದಿಂದಲೇ ತಲೆಸುತ್ತಿಲ್ಲ. ಡಾಕ್ಟರು ಎಲ್ಲಾ ನೋಡಿ ಪಿತ್ತದ ಮಾತ್ರೆ ನಿಲ್ಲಿಸಿದರು. "ನಾಲ್ಕು ವಾರ ಸುಮ್ನೆ ಜೀರಿಗೆ ಕಷಾಯ ಕುಡಿದೆನಲ್ಲೇ" ಅಂತ ಅತ್ತೆಗೆ ಈಗ ಅದೇ ಬೇಜಾರು.

ಬೀರು ಒಳಗೋಡೆಗೆ ಬಂತು. ಇದನ್ನು ಎಳೆಯುವಾಗ ಇವರ ಸೊಂಟ ಹಿಡಿದುಕೊಂಡಿದ್ದು ಬೇರೆ ಕಥೆ. ಜಾಲರಿ ತೊಳೆದ ನೀರು ಕಾಫಿ ಡಿಕಾಕ್ಷನ್ ತರ ಇತ್ತು. ಬಟ್ಟೆ ಟೆರೇಸಿಗೆ ಹೋಗುತ್ತದೆ. ಕೆಳಗಿನ ಮನೆ ಅಕ್ಕ ತಮ್ಮ ಹಗ್ಗದಲ್ಲಿ ಅರ್ಧ ಬಿಟ್ಟುಕೊಟ್ಟಿದ್ದಾರೆ. ಬತ್ತಿ ಬಿಟ್ಟು ಪರದೆ ಕಟ್ಟಿದ್ದೇವೆ, ಮಗನಿಗೆ ಅದು ಟೆಂಟ್ ಆಗಿದೆ. ಸಾಂಬ್ರಾಣಿ ಮಾತ್ರ ಬಿಡಲು ಅತ್ತೆ ಒಪ್ಪಲಿಲ್ಲ, ನಾನೂ ಜಾಸ್ತಿ ಹೇಳಲಿಲ್ಲ. ಈಗ ಬಾಲ್ಕನಿ ಬಾಗಿಲು ತೆಗೆದು ಹಾಕುತ್ತಾರೆ.

ಮಧ್ಯಾಹ್ನ ಹನ್ನೆರಡಕ್ಕೆ ಮುಂದಿನ ಕಿಟಕಿ, ಹಿಂದಿನ ಕಿಟಕಿ ಎರಡೂ ತೆಗೆಯುವುದು ಅತ್ತೆಯದ್ದೇ ಕೆಲಸ. ಶಾಲು ಹೊದ್ದುಕೊಂಡು ತೆಗೆಯುತ್ತಾರೆ. ಒಂದು ದಿನ ಮಾತ್ರ ಬೆಳಗ್ಗೆಯಿಂದ ಎಲ್ಲಾ ಮುಚ್ಚಿದ್ದೆವು, ಭೋಗಿ ದಿನ. ಇಲ್ಲಿ ಅವತ್ತು ನಸುಕಿನಲ್ಲೇ ಬೀದಿ ಬೀದಿಯಲ್ಲಿ ಹಳೇ ಚಾಪೆ, ಬಟ್ಟೆ ಸುಡುತ್ತಾರೆ. ಯಾರೋ ಟೈರೂ ಹಾಕಿದ್ದರು. ಚಳಿಗೆ ಹೊಗೆ ಮೇಲೇರದೆ ಒಂಬತ್ತರವರೆಗೂ ನಮ್ಮ ಬಾಲ್ಕನಿ ಮಟ್ಟದಲ್ಲೇ ತೂಗಾಡುತ್ತಿತ್ತು. ಬಿಸಿಲು ಬಲಿತ ಮೇಲೆ ತೆಗೆದೆವು.

ಬಾಗಿಲು ತೆಗೆದಾಗ ಈಗ ಬರುವುದು ಬರೀ ಅವರೆಕಾಯಿ ಸೊಗಡು. ಬೆಲ್ಟ್ ಉಳಿಯಲಿಲ್ಲ, ಎಸೆದೆವು.

ಮೇಷ್ಟ್ರೇ, ಆ ಕೊಕ್ಕೆ ತಕ್ಕಡಿ ಎಲ್ಲಿ ಸಿಗುತ್ತದೆ? ನಿಮ್ಮ ಬಟ್ಟೆ ಲೆಕ್ಕ ಮಗನಿಗೆ ಓದಿ ಹೇಳಿದೆ. ತಾನೂ ತೂಗಬೇಕು ಅಂತ ಹಟ ಹಿಡಿದಿದ್ದಾನೆ.

ಮತ್ತಿಗಿರಿ ಮೇಷ್ಟ್ರು:

ಬಸ್ ಸ್ಟ್ಯಾಂಡ್ ಹತ್ತಿರ ಯಾವ ಬ್ಯಾಗ್ ಅಂಗಡಿಯಲ್ಲಾದರೂ ಕೇಳಿ. ಮೊದಲು ಒಂದು ಟರ್ಕಿ ಟವೆಲ್ ತೂಗಲು ಹೇಳಿ, ಒದ್ದೆ ಒಮ್ಮೆ, ಒಣಗಿದ ಮೇಲೆ ಒಮ್ಮೆ. ಎಷ್ಟು ಬಂತು ಅಂತ ಇಲ್ಲೇ ಬರೆಯಲಿ, ನಾನು ಕಾಯುತ್ತಿರುತ್ತೇನೆ.